ಯಹೂದಿಯ ಮನೆಯಲ್ಲಿ ಕ್ರಿಸ್‌ಮಸ್ ಮರ

1895ರ ಡಿಸೆಂಬರ್ 24. ವಿಯೆನ್ನಾದ ಒಂದು ಮನೆಯಲ್ಲಿ ತಂದೆಯೊಬ್ಬರು ಮಕ್ಕಳಿಗಾಗಿ ಕ್ರಿಸ್‌ಮಸ್ ಮರದ ಮೇಣದಬತ್ತಿಗಳನ್ನು ಹಚ್ಚುತ್ತಿದ್ದರು. ಅದೇ ಹೊತ್ತಿಗೆ ನಗರದ ಮುಖ್ಯ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಮೊರಿಟ್ಸ್ ಗ್ಯೂಡೆಮಾನ್ ಮನೆಗೆ ಬಂದರು. ಮರವನ್ನು ಕಂಡು ಅವರಿಗೆ ಕಸಿವಿಸಿಯಾಯಿತು. ಆ ತಂದೆ ಅದನ್ನು ಗಮನಿಸಿದರು, ಆದರೆ ಮರವನ್ನು ಮರೆಮಾಡಲಿಲ್ಲ. ಯಾರ ಒತ್ತಡಕ್ಕೂ ನಾನು ಮಣಿಯುವುದಿಲ್ಲ, ಬೇಕಾದರೆ ಇದನ್ನು ನಮ್ಮ ಹನುಕ್ಕಾ ಹಬ್ಬದ ಮರವೆಂದೋ ಚಳಿಗಾಲದ ಸಂಕ್ರಮಣದ ಮರವೆಂದೋ ಕರೆದುಕೊಳ್ಳಲಿ ಎಂಬರ್ಥದ ಮಾತನ್ನು ಅಂದಿನ ದಿನಚರಿಯಲ್ಲಿ ಬರೆದಿಟ್ಟರು. ಅವರ ಹೆಸರು ಥಿಯೋಡರ್ ಹರ್ಝಲ್. ಯಹೂದಿಗಳಿಗೆ ತಮ್ಮದೇ ಆದ ದೇಶ ಬೇಕೆಂದು ವಾದಿಸುವ ಕಿರುಹೊತ್ತಗೆಯನ್ನು ಅವರು ಪ್ರಕಟಿಸಿದ್ದು ಅದಾಗಿ ಎರಡು ತಿಂಗಳೂ ಕಳೆಯುವ ಮೊದಲೇ. ಇಂದಿಗೂ ಇಸ್ರೇಲಿನ ಕನಸು ಕಂಡವರಲ್ಲಿ ಮೊದಲಿಗರೆಂದು ಅವರನ್ನೇ ನೆನೆಯುತ್ತಾರೆ.

ಯಹೂದಿಗಳು ಕ್ರಿಸ್‌ಮಸ್ ಆಚರಿಸುತ್ತಾರೆಯೇ ಎಂದು ಯಾರಾದರೂ ಕೇಳಿದರೆ ಧರ್ಮದ ಲೆಕ್ಕದಲ್ಲಿ ಉತ್ತರ ಸುಲಭ. ಕ್ರಿಸ್‌ಮಸ್ ಯೇಸುವಿನ ಜನನದ ಹಬ್ಬ. ಯೇಸು ಹುಟ್ಟಿದ್ದು ಯಹೂದಿಯಾಗಿ, ಅವರ ತಾಯಿಯೂ ಮೊದಲ ಶಿಷ್ಯರೂ ಯಹೂದಿಗಳೇ. ಆದರೂ ಯಹೂದಿ ಧರ್ಮ ಅವರನ್ನು ದೇವರ ಮಗನೆಂದು ಒಪ್ಪುವುದಿಲ್ಲ, ಬರಬೇಕಾದ ಉದ್ಧಾರಕ ಮೆಸ್ಸೀಯನೆಂದೂ ಒಪ್ಪುವುದಿಲ್ಲ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಮನೆಗಳೊಳಗೆ ಹೋಗಿ ನೋಡಿದರೆ ಚಿತ್ರ ಬೇರೆಯಾಗಿಯೇ ಇದೆ. ಪ್ಯೂ ಸಂಶೋಧನಾ ಕೇಂದ್ರ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ವರ್ಷ ತಮ್ಮ ಮನೆಯಲ್ಲಿ ಕ್ರಿಸ್‌ಮಸ್ ಮರವಿತ್ತು ಎಂದ ಅಮೆರಿಕದ ಯಹೂದಿಗಳು ಶೇ 32. ಮೂವರಲ್ಲಿ ಒಬ್ಬರು ಎಂದಾಯಿತು. ಈ ಅಂಕಿಯನ್ನು ಬಿಡಿಸಿ ನೋಡಿದಾಗ ನಿಜವಾದ ಸಂಗತಿ ಹೊರಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಯಹೂದಿಗಳಾಗಿರುವ ಮನೆಗಳಲ್ಲಿ ಮರ ಕಂಡಿದ್ದು ಶೇ 7ರಷ್ಟು ಮಾತ್ರ. ಒಬ್ಬರು ಬೇರೆ ಧರ್ಮದವರಾಗಿದ್ದರೆ ಅದು ಶೇ 71. ಹೆಚ್ಚಿನ ಮನೆಗಳಲ್ಲಿ ಮರವನ್ನು ತಂದದ್ದು ನಂಬಿಕೆಯ ಬದಲಾವಣೆಯಲ್ಲ, ಮದುವೆ.

ಯಹೂದಿತನ ನಂಬಿಕೆಯೊಂದರ ಮೇಲೆ ನಿಂತಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಸಾಂಪ್ರದಾಯಿಕ ನಿಯಮದ ಪ್ರಕಾರ ಯಹೂದಿ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಯಹೂದಿಗಳು, ದೇವರನ್ನು ನಂಬಿದರೂ ನಂಬದಿದ್ದರೂ. ಅಮೆರಿಕದ ಸುಧಾರಣಾವಾದಿ ರಬ್ಬಿಗಳು 1983ರಲ್ಲಿ ತಂದೆಯ ಕಡೆಯಿಂದ ಬಂದ ಯಹೂದಿತನಕ್ಕೂ ಮಾನ್ಯತೆ ಕೊಟ್ಟರು, ಆದರೆ ಮಗು ಯಹೂದಿಯಾಗಿಯೇ ಬೆಳೆಯಬೇಕೆಂಬ ಷರತ್ತು ಹಾಕಿದರು. ಪ್ಯೂ ಕೇಂದ್ರದ 2020ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕ ಯಹೂದಿಗಳ ಪೈಕಿ ಶೇ 27 ಮಂದಿ ತಮಗೆ ಯಾವ ಧರ್ಮವೂ ಇಲ್ಲ ಎಂದರು, ಆದರೂ ನಾವು ಯಹೂದಿಗಳೇ ಎಂದರು. ಹೀಗಿರುವಾಗ ಹಜಾರದ ಮರ ಕೇಳುವ ಪ್ರಶ್ನೆ ‘ಯೇಸುವನ್ನು ನಂಬುತ್ತೀಯಾ?’ ಎಂಬುದಲ್ಲ. ನಮ್ಮ ಹಳ್ಳಿಗಳಲ್ಲಿ ಹೊಸಬರನ್ನು ಕಂಡ ಹಿರಿಯರು ಕೇಳುವ ಪ್ರಶ್ನೆಯೇ ಅದು: ‘ನೀನು ಯಾರ ಪೈಕಿ?’

ಈ ಪ್ರಶ್ನೆ ಯಹೂದಿಗಳಿಗೆ ಇಷ್ಟು ಭಾರವಾಗಲು ಕಾರಣವಿದೆ. ಪೂರ್ವ ಯುರೋಪಿನ ಯಹೂದಿ ಕೇರಿಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಕದ ಹಾಕಿಕೊಂಡು ಒಳಗಿರಬೇಕಾದ ರಾತ್ರಿಯಾಗಿತ್ತು. ಯೇಸುವನ್ನು ಕೊಂದವರು ಇವರೇ ಎಂಬ ಆರೋಪ ಹಬ್ಬದ ದಿನಗಳಲ್ಲಿ ಹೊಸದಾಗಿ ಕೆರಳುತ್ತಿತ್ತು. 1881ರ ಕ್ರಿಸ್‌ಮಸ್ ದಿನ ವಾರ್ಸಾದ ಹೋಲಿ ಕ್ರಾಸ್ ಚರ್ಚಿನಲ್ಲಿ ಬೆಂಕಿ ಬಿದ್ದಿದೆ ಎಂದು ಯಾರೋ ಸುಳ್ಳು ಕೂಗಿದ್ದರಿಂದ ನೂಕುನುಗ್ಗಲಾಗಿ ಜನ ಸತ್ತರು. ಕೂಗಿದವರು ಯಹೂದಿ ಜೇಬುಗಳ್ಳರು ಎಂಬ ಗಾಳಿಸುದ್ದಿ ಹಬ್ಬಿದ್ದೇ ತಡ, ಯಹೂದಿಗಳ ಮನೆ ಅಂಗಡಿಗಳ ಮೇಲೆ ಗುಂಪು ದಾಳಿ ಮೂರು ದಿನ ನಡೆಯಿತು. ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ ಹಸಿದಿಕ್ ಪಂಥದ ಹಲವು ಗುಂಪುಗಳಲ್ಲಿ ಈ ರಾತ್ರಿಗೆ ಇಂದಿಗೂ ‘ನಿಟ್ಟೆಲ್’ ಎಂಬ ಹೆಸರಿದೆ. ದಿನವೂ ತಮ್ಮ ಧರ್ಮಗ್ರಂಥ ತೋರಾ ಓದಲೇಬೇಕೆಂದು ಬದುಕುವ ಈ ಜನ ವರ್ಷದಲ್ಲಿ ಆ ಒಂದು ಸಂಜೆ ಪುಸ್ತಕ ಮುಚ್ಚಿಟ್ಟು ಚದುರಂಗವನ್ನೋ ಇಸ್ಪೀಟನ್ನೋ ಆಡುತ್ತಾರೆ. ಇದಕ್ಕೆ ಅವರು ಕೊಡುವ ಕಾರಣಗಳು ಹಲವು. ಅಂಥ ರಾತ್ರಿಯಲ್ಲಿ ಪಾಠಶಾಲೆಗೆ ನಡೆದು ಹೋಗುವುದೇ ಅಪಾಯವಾಗಿದ್ದ ಕಾಲದ ನೆನಪು ಅದರಲ್ಲಿದೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಇಂಥ ರಾತ್ರಿಗಳನ್ನು ದಾಟಿ ಬಂದ ಅಜ್ಜಿಯೊಬ್ಬಳಿಗೆ ಮೊಮ್ಮಗನ ಮನೆಯ ಮರ ಬರೀ ಅಲಂಕಾರವಾಗಿ ಕಾಣಬೇಕೆಂದು ಬಯಸುವುದು ಕಷ್ಟ.

ಪಶ್ಚಿಮದಲ್ಲಿ, ಅದರಲ್ಲೂ ಜರ್ಮನ್ ಮಾತಾಡುವ ನಾಡುಗಳಲ್ಲಿ, ಕತೆ ಬೇರೆ ದಾರಿ ಹಿಡಿಯಿತು. ವಿಯೆನ್ನಾದಲ್ಲಿ ಕ್ರಿಸ್‌ಮಸ್ ಮರವನ್ನು ಮೊದಲು ನಿಲ್ಲಿಸಿದವರ ಹೆಸರು ಹೇಳುವಾಗ ಅಲ್ಲಿನವರು ನೆನೆಯುವುದು ಫ್ಯಾನಿ ಫಾನ್ ಆರ್ನ್‌ಸ್ಟೈನ್ ಎಂಬ ಯಹೂದಿ ಮಹಿಳೆಯನ್ನು. ಬರ್ಲಿನ್‌ನಿಂದ ಮದುವೆಯಾಗಿ ಬಂದ ಆಕೆ 1814ರಲ್ಲಿ ತವರಿನ ಪದ್ಧತಿಯಂತೆ ಮರ ಸಿಂಗರಿಸಿದ್ದನ್ನು ಗುಪ್ತ ಪೊಲೀಸರು ವರದಿ ಮಾಡಿದರು. ಮುಂದೆ ಹಕ್ಕುಗಳು ಒಂದೊಂದಾಗಿ ಸಿಕ್ಕಂತೆ ಮಧ್ಯಮ ವರ್ಗದ ಯಹೂದಿಗಳು ಜರ್ಮನ್ ಭಾಷೆ, ಸಂಗೀತ, ಶಾಲೆಗಳ ಜೊತೆಗೆ ಜರ್ಮನ್ ಡಿಸೆಂಬರನ್ನೂ ತಮ್ಮದಾಗಿಸಿಕೊಂಡರು. ಕ್ರಿಸ್‌ಮಸ್ಸಿಗೆ ಜರ್ಮನ್‌ನಲ್ಲಿ ವೈನಾಖ್ಟನ್ ಎನ್ನುತ್ತಾರೆ. ಅದನ್ನೂ ಹನುಕ್ಕಾವನ್ನೂ ಬೆಸೆದು ‘ವೈನುಕ್ಕಾ’ ಎಂಬ ಮಾತೇ ಹುಟ್ಟಿತು.

ಯಹೂದಿ ಅನುಭಾವದ ಮಹಾ ವಿದ್ವಾಂಸ ಗೆರ್ಶೋಮ್ ಶೋಲೆಮ್ ಬರ್ಲಿನ್‌ನ ಇಂಥದ್ದೇ ಮನೆಯಲ್ಲಿ ಬೆಳೆದರು. ಅಪ್ಪನದು ಮುದ್ರಣಾಲಯ. ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಮರ ಇರುತ್ತಿತ್ತು, ಉಡುಗೊರೆ ಇರುತ್ತಿತ್ತು, ಅಡುಗೆಯವಳಿಗೂ ಕೆಲಸದವಳಿಗೂ ಪಾಲು ಇರುತ್ತಿತ್ತು. ಇದು ಜರ್ಮನ್ ಜನರ ಹಬ್ಬ, ನಾವು ಜರ್ಮನ್ನರಾಗಿ ಇದರಲ್ಲಿ ಸೇರುತ್ತೇವೆಯೇ ಹೊರತು ಯಹೂದಿಗಳಾಗಿ ಅಲ್ಲ ಎಂಬುದು ಮನೆಯವರ ನಿಲುವು. 1911ರ ಕ್ರಿಸ್‌ಮಸ್ಸಿಗೆ ಹದಿಹರೆಯದ ಹುಡುಗ ಕೋಣೆಗೆ ಬಂದು ನೋಡಿದರೆ ಮರದ ಕೆಳಗೆ ಕಪ್ಪು ಚೌಕಟ್ಟಿನಲ್ಲಿ ಹರ್ಝಲ್ ಅವರ ಭಾವಚಿತ್ರ! ನಿನಗೆ ಯಹೂದಿ ರಾಷ್ಟ್ರದ ವಿಚಾರದಲ್ಲಿ ಅಷ್ಟು ಆಸಕ್ತಿಯಲ್ಲವೇ, ಅದಕ್ಕೇ ಆರಿಸಿ ತಂದೆವು ಎಂದರು ತಾಯಿ. ಅಂದಿನಿಂದ ಕ್ರಿಸ್‌ಮಸ್ ಬಂದರೆ ನಾನು ಮನೆ ಬಿಟ್ಟು ಹೊರಗೆ ಹೋಗಿಬಿಡುತ್ತಿದ್ದೆ ಎಂದು ಶೋಲೆಮ್ ಮುಂದೆ ಆತ್ಮಕತೆಯಲ್ಲಿ ಬರೆದರು. ಹರ್ಝಲ್ ಅವರೇ ತಮ್ಮ ಮನೆಯಲ್ಲಿ ಮರ ಇಟ್ಟಿದ್ದವರು ಎಂಬುದು ಆ ತಾಯಿಗೆ ಗೊತ್ತಿತ್ತೋ ಇಲ್ಲವೋ. ಆಕೆಯ ಉಡುಗೊರೆಯಲ್ಲಿ ನನಗೆ ಕಾಣುವುದು ಮಗನ ದಾರಿಯನ್ನು ಒಪ್ಪಲಾಗದೆಯೂ ಅವನನ್ನು ಹಬ್ಬದಿಂದ ಹೊರಗಿಡಲು ಮನಸ್ಸಾಗದ ತಾಯ್ತನ.

ಶೋಲೆಮ್ 1923ರಲ್ಲಿ ಜೆರುಸಲೇಮಿಗೆ ಹೋದರು. ತಾಯಿ ಕೊನೆಗೆ ಆಸ್ಟ್ರೇಲಿಯಾಕ್ಕೆ ಓಡಿಹೋಗಿ ಬದುಕಿಕೊಂಡರು. ಕಮ್ಯುನಿಸ್ಟ್ ನಾಯಕನಾಗಿದ್ದ ಅಣ್ಣ ವೆರ್ನರ್‌ನನ್ನು ನಾಜಿಗಳು 1940ರಲ್ಲಿ ಬುಖೆನ್‌ವಾಲ್ಡ್ ಶಿಬಿರದಲ್ಲಿ ಕೊಂದರು. ಈ ಇತಿಹಾಸದ ನಂತರ ‘ನೋಡಿ, ಮರ ಇಟ್ಟರೂ ಉಳಿಯಲಿಲ್ಲ’ ಎಂಬ ಮಾತು ಯಹೂದಿಗಳ ನಡುವೆ ಮತ್ತೆ ಮತ್ತೆ ಕೇಳಿಬಂದಿದೆ. ಆ ಮಾತಿನ ಹಿಂದಿನ ನೋವು ನನಗೆ ಅರ್ಥವಾಗುತ್ತದೆ, ತೀರ್ಪು ಒಪ್ಪಿಗೆಯಾಗುವುದಿಲ್ಲ. ಮರ ಇಟ್ಟವರನ್ನೂ ಕೊಂದರು, ನಿಟ್ಟೆಲ್ ರಾತ್ರಿ ಕದ ಹಾಕಿಕೊಂಡು ಕುಳಿತವರನ್ನೂ ಕೊಂದರು. ಕೊಲೆಯ ಹೊಣೆ ಕೊಂದವರದು. ನೆರೆಯವರ ಹಬ್ಬದಲ್ಲಿ ಪಾಲು ಬಯಸಿದ ತಾಯಂದಿರ ತಲೆಗೆ ಅದನ್ನು ಕಟ್ಟಬಾರದು.

ಅಮೆರಿಕದ ಕತೆಗೆ ಬರೋಣ. ಅಲ್ಲಿನ ಸರಕಾರ 1870ರಲ್ಲಿ ಕ್ರಿಸ್‌ಮಸ್ಸನ್ನು ರಜೆಯ ಪಟ್ಟಿಗೆ ಸೇರಿಸಿತು. ಲಕ್ಷಗಟ್ಟಲೆ ಯಹೂದಿಗಳು ರಷ್ಯಾ ಪೋಲೆಂಡುಗಳಿಂದ ಹಡಗು ಹತ್ತಿ ಬಂದು ಇಳಿದಾಗ ಅವರ ಮಕ್ಕಳು ಸೇರಿದ ಸರಕಾರಿ ಶಾಲೆಗಳಲ್ಲಿ ಡಿಸೆಂಬರ್ ಎಂದರೆ ಯೇಸುವಿನ ಹಾಡುಗಳು. ನ್ಯೂಯಾರ್ಕಿನ ಯಹೂದಿ ತಂದೆತಾಯಂದಿರು ಇದನ್ನು ಸುಮ್ಮನೆ ಸಹಿಸಲಿಲ್ಲ. 1906ರ ಡಿಸೆಂಬರಿನಲ್ಲಿ ಶಾಲೆಯ ಕ್ರಿಸ್‌ಮಸ್ ಕಾರ್ಯಕ್ರಮದ ದಿನ ಸಾವಿರಾರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡು ಪ್ರತಿಭಟಿಸಿದರು. ಊರಿಗೆ ಹೊಸಬರು, ಕೈಯಲ್ಲಿ ಕಾಸಿಲ್ಲ, ಭಾಷೆ ಇನ್ನೂ ನಾಲಿಗೆಗೆ ಹತ್ತಿಲ್ಲ. ಅಂಥವರು ಶಾಲಾ ಮಂಡಳಿಯ ಎದುರು ನಿಂತದ್ದು ಸಣ್ಣ ಮಾತಲ್ಲ.

ಪ್ರತಿಭಟನೆಗಿಂತ ಹೆಚ್ಚು ಕಾಲ ಉಳಿದ ಉತ್ತರ ಇನ್ನೊಂದಿತ್ತು, ಅದು ಹನುಕ್ಕಾ. ಮೂಲತಃ ಅದು ಚಿಕ್ಕ ಹಬ್ಬ. ಯಹೂದಿಗಳ ದೊಡ್ಡ ದಿನಗಳೆಂದರೆ ರೋಷ್ ಹಶಾನಾ, ಯೋಮ್ ಕಿಪ್ಪುರ್, ಪಸ್ಕ. ಹನುಕ್ಕಾಕ್ಕೆ ಕೆಲಸ ಬಿಡಬೇಕೆಂಬ ನಿಯಮವೂ ಇಲ್ಲ. ಎಂಟು ಸಂಜೆ ದೀಪ ಹಚ್ಚುವುದು, ಎಣ್ಣೆಯಲ್ಲಿ ಕರಿದ ತಿಂಡಿ ತಿನ್ನುವುದು, ಮಕ್ಕಳ ಕೈಗೆ ನಾಣ್ಯ ಕೊಡುವುದು, ಇಷ್ಟೇ. 1870ರ ಆಸುಪಾಸಿನಲ್ಲಿ ಸಿನ್ಸಿನಾಟಿಯ ರಬ್ಬಿಗಳು ಮಕ್ಕಳಿಗಾಗಿ ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಹನುಕ್ಕಾ ಸಮಾರಂಭಗಳನ್ನು ನಡೆಸತೊಡಗಿದರು. ಕ್ರಮೇಣ ಎಂಟು ರಾತ್ರಿಗೆ ಎಂಟು ಉಡುಗೊರೆ, ಬಣ್ಣದ ಕಾಗದ, ಶುಭಾಶಯ ಪತ್ರ ಎಲ್ಲವೂ ಸೇರಿಕೊಂಡವು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಾಷಿಂಗ್ಟನ್ನಿನ ಸಾರ್ವಜನಿಕ ಮೆನೋರಾ ದೀಪ ಹಚ್ಚುವ ಮಟ್ಟಕ್ಕೆ ಅದು ಬೆಳೆಯಿತು. ಹನುಕ್ಕಾದ ಹಿಂದಿನ ಕತೆಯನ್ನು ತಿಳಿದವರಿಗೆ ಇದು ಯೋಚನೆ ಹಚ್ಚುವ ಸಂಗತಿ. ಗ್ರೀಕ್ ಪದ್ಧತಿಯನ್ನು ಹೇರಿದ ಅರಸನ ವಿರುದ್ಧ ಮಕ್ಕಬಿಯರೆಂಬ ಯಹೂದಿಗಳು ಬಂಡೆದ್ದು, ಕ್ರಿಸ್ತಪೂರ್ವ 164ರಲ್ಲಿ ಜೆರುಸಲೇಮಿನ ದೇವಾಲಯವನ್ನು ಮತ್ತೆ ಶುದ್ಧಿ ಮಾಡಿದ ನೆನಪಿನ ಹಬ್ಬ ಅದು. ನಾವು ಬೇರೆಯವರಂತೆ ಆಗುವುದಿಲ್ಲ ಎಂಬ ಹಠದಿಂದ ಹುಟ್ಟಿದ ಹಬ್ಬವೇ ಅಮೆರಿಕದಲ್ಲಿ ಬೇರೆಯವರ ಹಬ್ಬದ ಅಳತೆಗೆ ಹೊಲಿಸಿಕೊಂಡಿತು. ಹಾಗೆ ಹೊಲಿಸಿಕೊಂಡದ್ದರಿಂದಲೇ ಎಷ್ಟೋ ಮಕ್ಕಳು ಮರ ಬೇಕೆಂದು ಅಳಲಿಲ್ಲ ಎಂಬುದೂ ನಿಜ.

ಕಾನೂನು 1989ರಲ್ಲಿ ಈ ವಿಷಯಕ್ಕೂ ಕೈ ಹಾಕಿತು. ಪಿಟ್ಸ್‌ಬರ್ಗಿನ ನ್ಯಾಯಾಲಯ ಕಟ್ಟಡದೊಳಗೆ ಇಟ್ಟ ಗೋದಲಿ ಸಂವಿಧಾನಕ್ಕೆ ವಿರುದ್ಧ, ಆದರೆ ಇನ್ನೊಂದು ಸರಕಾರಿ ಕಟ್ಟಡದ ಮುಂದೆ ಕ್ರಿಸ್‌ಮಸ್ ಮರದ ಜೊತೆ ಇಟ್ಟ ಮೆನೋರಾ ಇರಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕ್ರಿಸ್‌ಮಸ್ ಮರವು ತಾನಾಗಿ ಧಾರ್ಮಿಕ ಚಿಹ್ನೆಯಲ್ಲ ಎಂದು ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಬರೆದರು. ಮರ ಇಡುವ ಯಹೂದಿಗಳು ಹೇಳುವುದೂ ಇದನ್ನೇ: ಯೇಸು ಇರುವುದು ಗೋದಲಿಯಲ್ಲಿ, ಮರದಲ್ಲಿ ಇರುವುದು ಚಳಿಗಾಲದ ಹಸಿರು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಬಹುಸಂಖ್ಯಾತರ ಚಿಹ್ನೆ ಎಲ್ಲರದೂ ಆಗಿಬಿಡುವುದು, ಅಲ್ಪಸಂಖ್ಯಾತರ ಚಿಹ್ನೆ ಮಾತ್ರ ಧಾರ್ಮಿಕವಾಗಿ ಉಳಿಯುವುದು ಹೇಗೆ ಎಂದು ಎದುರು ಪಕ್ಷದವರು ಕೇಳಿದರೆ ಆ ಪ್ರಶ್ನೆಯಲ್ಲೂ ಹುರುಳಿದೆ. ಅನ್ಯಜನರ ಪದ್ಧತಿಗಳಂತೆ ನಡೆಯಬೇಡಿ ಎಂಬ ಬೈಬಲ್ಲಿನ ಯಾಜಕಕಾಂಡದ ಮಾತನ್ನು ಸಂಪ್ರದಾಯಸ್ಥ ರಬ್ಬಿಗಳು ಎತ್ತಿ ತೋರಿಸುವುದು ಇಲ್ಲಿಯೇ.

ತಮ್ಮದಲ್ಲದ ಹಬ್ಬವನ್ನು ಕಟ್ಟಿಕೊಟ್ಟವರೂ ಇದ್ದಾರೆ. ‘ವೈಟ್ ಕ್ರಿಸ್‌ಮಸ್’ ಎಂಬ ಜಗತ್ಪ್ರಸಿದ್ಧ ಹಾಡು ಬರೆದ ಅರ್ವಿಂಗ್ ಬರ್ಲಿನ್ ರಷ್ಯಾ ಸಾಮ್ರಾಜ್ಯದಿಂದ ಬಂದ ಯಹೂದಿ ಕುಟುಂಬದ ಮಗ. ಮದುವೆಯಾದದ್ದು ಕ್ಯಾಥೊಲಿಕ್ ಮನೆತನದ ಎಲಿನ್ ಮೆಕೇ ಅವರನ್ನು, ಆಕೆಯ ತಂದೆಯ ಕಡು ವಿರೋಧದ ನಡುವೆ. 1928ರ ಕ್ರಿಸ್‌ಮಸ್ ದಿನವೇ ಅವರ ಹಸುಗೂಸು ತೀರಿಕೊಂಡಿತು. ಆ ಹಾಡಿನ ಒಳಗಿನ ವಿಷಾದ ಎಲ್ಲಿಂದ ಬಂತು ಎಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫನ ಹಾಡು ಕಟ್ಟಿದ ಜಾನಿ ಮಾರ್ಕ್ಸ್ ಕೂಡ ಯಹೂದಿಯೇ. ನಮ್ಮ ದೇಶದಲ್ಲೇ ಇದರ ಸಿಹಿಯಾದ ಉದಾಹರಣೆಯಿದೆ. ಕೋಲ್ಕತ್ತದ ನ್ಯೂ ಮಾರ್ಕೆಟ್ಟಿನ ‘ನಾಹೂಮ್ಸ್’ ಬೇಕರಿಯನ್ನು 1902ರಲ್ಲಿ ಆರಂಭಿಸಿದ್ದು ಬಾಗ್ದಾದಿನಿಂದ ಬಂದ ಯಹೂದಿ ಕುಟುಂಬ. ಇಂದು ಆ ನಗರದಲ್ಲಿ ಉಳಿದಿರುವ ಯಹೂದಿಗಳು ಬೆರಳೆಣಿಕೆಯಷ್ಟು. ಆದರೆ ಡಿಸೆಂಬರ್ ಬಂದರೆ ಕ್ರಿಸ್‌ಮಸ್ ಕೇಕಿಗಾಗಿ ಹಿಂದೂ, ಮುಸ್ಲಿಂ, ಕ್ರೈಸ್ತರೆನ್ನದೆ ಊರೇ ಆ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ.

ಮರವೂ ಬೇಡ, ಮುಚ್ಚಿದ ಕದವೂ ಬೇಡ ಎಂದವರು ಚೀನೀ ಹೋಟೆಲಿಗೆ ಹೋದರು. ನ್ಯೂಯಾರ್ಕಿನಲ್ಲಿ ಯಹೂದಿ ವಲಸಿಗರ ಕೇರಿಯ ಪಕ್ಕದಲ್ಲೇ ಚೀನೀಯರ ಕೇರಿ ಇತ್ತು. ಕ್ರಿಸ್‌ಮಸ್ ದಿನ ಊರೆಲ್ಲ ಬಾಗಿಲು ಹಾಕಿದಾಗ ಅಲ್ಲಿ ಒಲೆ ಉರಿಯುತ್ತಿತ್ತು. ಗೋಡೆಯ ಮೇಲೆ ಶಿಲುಬೆ ಇರಲಿಲ್ಲ. ಹಾಲು ಬೆಣ್ಣೆ ಹಾಕದ ಅಡುಗೆಯಾದ್ದರಿಂದ, ಮಾಂಸದ ಜೊತೆ ಹಾಲು ಬೆರೆಸಬಾರದೆಂಬ ಕೋಷರ್ ನಿಯಮದ ಒಂದು ತೊಡಕಾದರೂ ತಪ್ಪುತ್ತಿತ್ತು. ಹಂದಿಮಾಂಸದ ತೊಡಕು ಉಳಿದೇ ಇತ್ತು, ಅದನ್ನು ಸಣ್ಣಗೆ ಹೆಚ್ಚಿ ಕಣ್ಣಿಗೆ ಕಾಣದಂತೆ ಮಾಡಿದ್ದರಿಂದ ಹಲವರು ಮನಸ್ಸು ಸಡಿಲಿಸಿದರು. 2010ರಲ್ಲಿ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡ ಎಲೆನಾ ಕೇಗನ್ ಅವರನ್ನು ಸೆನೆಟ್ ವಿಚಾರಣೆಯಲ್ಲಿ ಕ್ರಿಸ್‌ಮಸ್ ದಿನ ಎಲ್ಲಿದ್ದಿರಿ ಎಂದು ಸದಸ್ಯರೊಬ್ಬರು ಕೇಳಿದರು. ಎಲ್ಲ ಯಹೂದಿಗಳಂತೆ ನಾನೂ ಬಹುಶಃ ಚೀನೀ ಹೋಟೆಲಿನಲ್ಲಿದ್ದೆ ಎಂದು ಅವರು ಉತ್ತರಿಸಿದಾಗ ಸಭೆಯೇ ನಕ್ಕಿತು. ಆಸ್ಪತ್ರೆಗಳಲ್ಲಿ ಕ್ರೈಸ್ತ ಸಹೋದ್ಯೋಗಿಗಳ ಪಾಳಿಯನ್ನು ವಹಿಸಿಕೊಳ್ಳುವುದು, ಬಡವರಿಗೆ ಊಟ ಬಡಿಸಲು ಹೋಗುವುದು ಕೂಡ ಇದೇ ಬಗೆಯ ಆಚರಣೆ. ಇವುಗಳಲ್ಲಿ ನಾನು ಬಲುವಾಗಿ ಮೆಚ್ಚುವುದು ಆ ಪಾಳಿಯನ್ನು. ಮತ್ತೊಬ್ಬರ ಹಬ್ಬವನ್ನು ತನ್ನದೆಂದು ಹೇಳಿಕೊಳ್ಳದೆಯೇ ಆ ಹಬ್ಬ ನಡೆಯುವಂತೆ ಮಾಡುವ ಗೌರವ ಅದರಲ್ಲಿದೆ.

ಇಸ್ರೇಲಿನ ಎಷ್ಟೋ ಯಹೂದಿ ಮನೆಗಳ ಕಿಟಕಿಗಳಲ್ಲೂ ಡಿಸೆಂಬರಿನಲ್ಲಿ ಮಿನುಗುವ ಮರಗಳಿವೆ, ಆದರೆ ಅವು ಕ್ರಿಸ್‌ಮಸ್ಸಿನವಲ್ಲ. ಸೋವಿಯತ್ ಸರಕಾರ ಮೊದಲು ಕ್ರಿಸ್‌ಮಸ್ ಮರವನ್ನು ಹೊರಗಟ್ಟಿ, 1935ರಲ್ಲಿ ಅದನ್ನೇ ಹೊಸ ವರ್ಷದ ಮರವಾಗಿ ಮರಳಿ ತಂದಿತು. ದೇವರ ಹೆಸರಿಲ್ಲದ ಆ ಹಬ್ಬ ‘ನೋವಿ ಗೋದ್’, ಸೋವಿಯತ್ ಯಹೂದಿಗಳಿಗೂ ತಮ್ಮದೇ ಹಬ್ಬವಾಗಿತ್ತು. 1989ರ ನಂತರ ಸುಮಾರು ಹತ್ತು ಲಕ್ಷ ಜನ ಅಲ್ಲಿಂದ ಇಸ್ರೇಲಿಗೆ ಬಂದಾಗ ಮರವನ್ನೂ ಜೊತೆಗೆ ತಂದರು. ಅಕ್ಕಪಕ್ಕದವರು ಇವರೆಂಥ ಯಹೂದಿಗಳು ಎಂದು ಹುಬ್ಬೇರಿಸಿದರು. ಯಹೂದಿಗಳೆಂಬ ಕಾರಣಕ್ಕೇ ರಷ್ಯಾದಲ್ಲಿ ಅವಮಾನ ಉಂಡು ಬಂದವರಿಗೆ ಯಹೂದಿಗಳ ನಾಡಿನಲ್ಲಿ ಅದೇ ಯಹೂದಿತನವನ್ನು ಸಾಬೀತುಪಡಿಸಬೇಕಾಗಿ ಬಂದದ್ದು ಎಷ್ಟು ನೋವಿನದೆಂದು ಬೇರೆ ಹೇಳಬೇಕಿಲ್ಲ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೂ ಡಿಸೆಂಬರಿನ ಈ ಪ್ರಶ್ನೆ ಹೊಸದಲ್ಲ. ಶಾಲೆಯಿಂದ ಬಂದ ಮಗು ಮರ ಕೇಳುತ್ತದೆ, ದೇವರ ಕೋಣೆಯ ಗಣಪತಿ ಅಲ್ಲೇ ಇರುತ್ತಾನೆ, ಹಜಾರದಲ್ಲಿ ಮರವೂ ಬಂದು ನಿಲ್ಲುತ್ತದೆ, ಯಾರಿಗೂ ನಿದ್ದೆಗೆಡುವುದಿಲ್ಲ. ಮಂಗಳೂರಿನ ಕ್ರೈಸ್ತ ನೆರೆಮನೆಯಿಂದ ಬಂದ ಕುಸ್ವಾರ್ ತಿಂದು ಬೆಳೆದವರಿಗೆ ಇದರಲ್ಲಿ ಸಂಕಟಪಡುವಂಥದ್ದೇನಿದೆ ಎನ್ನಿಸಬಹುದು. ಆದರೆ ನಮ್ಮ ಸಲೀಸುತನದಿಂದ ಯಹೂದಿಗಳ ಸಂಕಟವನ್ನು ಅಳೆಯುವುದು ತಪ್ಪು. ನೂರಾರು ವರ್ಷ ಆ ಹಬ್ಬದ ರಾತ್ರಿ ನಾವು ಕದ ಹಾಕಿಕೊಂಡು ಕುಳಿತವರಲ್ಲ. ಬೆನ್ನ ಹಿಂದೆ ಕೋಟ್ಯಂತರ ಜನರ ಬಲವೂ ನಮಗಿದೆ. ಅಮೆರಿಕದ ವಯಸ್ಕರಲ್ಲಿ ಯಹೂದಿಗಳು ಶೇ 2.4 ಮಾತ್ರ. ಒಂದು ಮನೆಯ ದೀಪ ಆರಿದರೂ ಅವರಿಗೆ ಲೆಕ್ಕಕ್ಕೆ ಬರುತ್ತದೆ.

ಆ ಲೆಕ್ಕವೇ ಇಂದಿನ ಚರ್ಚೆಯ ತಿರುಳು. 2010ರ ನಂತರ ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ ಶೇ 61 ಮಂದಿಯ ಸಂಗಾತಿ ಯಹೂದಿಯಲ್ಲ ಎನ್ನುತ್ತದೆ 2020ರ ಸಮೀಕ್ಷೆ. ಅಂಥ ಮನೆಯಲ್ಲಿ ಮರ ಒಬ್ಬರ ಬಾಲ್ಯ, ಮೆನೋರಾ ಇನ್ನೊಬ್ಬರ ಬಾಲ್ಯ. ಅಮ್ಮ ಸತ್ತ ಮೇಲೆ ಅವಳು ಕಟ್ಟುತ್ತಿದ್ದ ಗಾಜಿನ ಗೊಂಬೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವ ಹೆಂಡತಿಗೆ ‘ಇದು ನಮ್ಮದಲ್ಲ’ ಎಂದು ಹೇಳುವ ಗಂಡ ಯಾವ ಧರ್ಮವನ್ನು ಕಾಪಾಡಿದಂತಾಯಿತು? ಮರ ಬಂದರೆ ಮಕ್ಕಳು ಕೈತಪ್ಪುತ್ತಾರೆ ಎಂಬ ಭಯ ಹಳೆಯದು. ಅದಕ್ಕೆ ಆಧಾರವೂ ಇತ್ತು: 2013ರ ಸಮೀಕ್ಷೆಯಲ್ಲಿ, ತಂದೆತಾಯಿಯರಲ್ಲಿ ಒಬ್ಬರು ಮಾತ್ರ ಯಹೂದಿಯಾಗಿದ್ದ 65 ದಾಟಿದವರ ಪೈಕಿ ತಮ್ಮನ್ನು ಯಹೂದಿ ಎಂದುಕೊಂಡವರು ಶೇ 25 ಮಾತ್ರ. ಅಂಥದ್ದೇ ಮನೆಗಳಲ್ಲಿ ಹುಟ್ಟಿದ 30ರೊಳಗಿನವರಲ್ಲಿ ಅದು ಶೇ 59. ಅಜ್ಜಂದಿರ ಕಾಲಕ್ಕಿಂತ ಮಿಶ್ರ ಮದುವೆ ಹೆಚ್ಚಿದೆ, ಆ ಮನೆಗಳ ಮಕ್ಕಳು ಯಹೂದಿಗಳಾಗಿ ಉಳಿಯುವುದೂ ಹೆಚ್ಚಿದೆ. ಸಿನಗಾಗುಗಳು ಇಂಥ ಕುಟುಂಬಗಳಿಗೆ ಬಾಗಿಲು ತೆರೆದದ್ದು ಇದರಲ್ಲಿ ಕೆಲಸ ಮಾಡಿದೆ ಎಂದೇ ನನ್ನ ಎಣಿಕೆ. ಮರ ಇಟ್ಟಿದ್ದಾರೆಂದು ಹೊರಗೆ ನಿಲ್ಲಿಸಿದ ಮಗು ಯಾಕೆ ಒಳಗೆ ಬರಬೇಕು?

2024ರಲ್ಲಿ ಹನುಕ್ಕಾದ ಮೊದಲ ದೀಪ ಹಚ್ಚುವ ಸಂಜೆ ಡಿಸೆಂಬರ್ 25ಕ್ಕೇ ಬಿದ್ದಿತು. 2005ರ ನಂತರ ಹೀಗಾದದ್ದು ಅದೇ ಮೊದಲು. ಅಂದು ಎಷ್ಟೋ ಮನೆಗಳಲ್ಲಿ ಮರದ ಪಕ್ಕದಲ್ಲೇ ಆ ದೀಪ ಉರಿಯಿತು. ಹಾಗೆ ಎರಡೂ ದಿನ ಮತ್ತೆ ಕೂಡಿ ಬರುವುದು 2035ರಲ್ಲಿ. 2024ರಲ್ಲಿ ಐದು ವರ್ಷದವಳಾಗಿದ್ದು, ಅಪ್ಪನ ಕೈ ಹಿಡಿದು ಬತ್ತಿ ಹಚ್ಚಿ, ಅಮ್ಮನ ಮರದ ಕೆಳಗೆ ಉಡುಗೊರೆ ಬಿಚ್ಚಿದ ಹುಡುಗಿಗೆ ಆಗ ಹದಿನಾರು. ನೀನು ಯಾರ ಪೈಕಿ ಎಂದು ಕೇಳಿದರೆ ಅವಳು ತನ್ನ ಬಾಯಿಂದಲೇ ಹೇಳುತ್ತಾಳೆ.